ಊರು ನೋಡಿದೆ, ಅಜ್ಜಿಯನ್ನು ಕಾಣಲಿಲ್ಲ

ನಮ್ಮ ಕನ್ನಡದಲ್ಲಿ ಕಣ್ಣಿನ ಕೆಲಸಕ್ಕೆ ಎರಡು ಮಾತುಗಳಿವೆ: ನೋಡುವುದು, ಕಾಣುವುದು. ಪ್ರಯಾಣಕ್ಕೆ ಹೊರಟವರಿಗೆ ಮನೆಯ ಹಿರಿಯರು ಹೇಳುವ ಮಾತನ್ನು ಗಮನಿಸಿ. "ಜಾತ್ರೆ ನೋಡಿಕೊಂಡು ಬಾ" ಎನ್ನುತ್ತಾರೆ. ಅದರ ಬೆನ್ನಿಗೇ "ಹಾಗೆಯೇ ಅತ್ತೆಯನ್ನೂ ಕಂಡು ಬಾ" ಎನ್ನುತ್ತಾರೆ. ಜಾತ್ರೆಯನ್ನು ನೋಡಿದರೆ ಸಾಕು, ಮನುಷ್ಯರನ್ನು ಕಾಣಬೇಕು. ನೋಡುವುದಕ್ಕೆ ಕಣ್ಣು ತೆರೆದಿದ್ದರಾಯಿತು. ಕಾಣುವುದಕ್ಕಾದರೋ ಅವರ ಮನೆಯ ಬಾಗಿಲಿಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಅವರ ಮಾತು ಮುಗಿಯುವ ತನಕ ಗಡಿಯಾರದತ್ತ ಕಣ್ಣು ಹಾಯಿಸದೆ ಇರಬೇಕು.

ಈ ವ್ಯತ್ಯಾಸವನ್ನು ತಾಯ್ನುಡಿ ನನಗೆ ಚಿಕ್ಕಂದಿನಲ್ಲಿಯೇ ಕಲಿಸಿತ್ತು. ಅದನ್ನು ನಾನು ಮರೆತ ಒಂದು ದಿನದ ಸಂಗತಿಯನ್ನು ಆತ್ಮೀಯ ಓದುಗರ ಮುಂದೆ ಇಡುತ್ತಿದ್ದೇನೆ. ಇದನ್ನು ಪ್ರವಾಸಕಥನವೆಂದು ಓದಿದರೂ ಆದೀತು. ಬರೆಯುವ ನನಗೆ ಮಾತ್ರ ಇದು ಪಾಪನಿವೇದನೆಗೆ ಹತ್ತಿರವಾದ ಬರಹ.

ಮುಂದೂಡಿದ ನಗರ

1998ರ ಅಕ್ಟೋಬರಿನಿಂದ 2001ರ ಜೂನ್ ತಿಂಗಳವರೆಗೆ ನಾನು ರೋಮ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದೆ. ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದವು. ನೈತಿಕ ದೈವಶಾಸ್ತ್ರದಲ್ಲಿ ಹೆಚ್ಚಿನ ವ್ಯಾಸಂಗಕ್ಕೆಂದು ಮೇತ್ರಾಣಿಗಳು ಕಳುಹಿಸಿದ್ದರು. ಮೊದಲ ಆರು ತಿಂಗಳು ಇಟಾಲಿಯನ್ ಭಾಷೆಯೊಡನೆ ಗುದ್ದಾಟ, ಆಮೇಲೆ ತರಗತಿ, ಗ್ರಂಥಾಲಯ, ಪರೀಕ್ಷೆ, ಪ್ರಬಂಧ. ರೋಮಿಗೆ 'ನಿತ್ಯನಗರ' ಎಂಬ ಬಿರುದುಂಟು. ನಿತ್ಯವಾಗಿರುವುದನ್ನು ನಾಳೆ ನೋಡಿದರಾಯಿತು ಎಂಬುದು ವಿದ್ಯಾರ್ಥಿಗಳ ತರ್ಕ. ಹಳೇಬೀಡಿನ ಪಕ್ಕದ ಊರಿನಲ್ಲಿ ಹುಟ್ಟಿದವರು ಆ ಗುಡಿಯ ಒಳಗೆ ಕಾಲಿಡದೆಯೇ ಮುದುಕರಾಗುವುದಿಲ್ಲವೇ? ಹಾಗೆಯೇ ನಾನೂ ಕೊಲೊಸಿಯಮ್ಮಿನ ಪಕ್ಕದಲ್ಲಿ ನೂರಾರು ಬಾರಿ ಬಸ್ಸಿನಲ್ಲಿ ಹಾದುಹೋಗಿದ್ದರೂ ಅದರ ಒಳಗೆ ಹೋದವನಲ್ಲ. 2000ದ ಮಹಾಜುಬಿಲಿಯ ವರ್ಷದಲ್ಲಿ ಲೋಕದ ಮೂಲೆಮೂಲೆಯಿಂದ ಯಾತ್ರಿಕರು ಬಂದು ಪವಿತ್ರ ದ್ವಾರಗಳನ್ನು ದಾಟಿ ಧನ್ಯರಾಗುತ್ತಿದ್ದಾಗ, ನಾನು ಪ್ರಬಂಧದ ಅಡಿಟಿಪ್ಪಣಿಗಳನ್ನು ತಿದ್ದುತ್ತಾ ಕುಳಿತಿದ್ದೆ.

ಕೊನೆಗೆ ಪ್ರಬಂಧ ಒಪ್ಪಿಗೆಯಾಯಿತು. ಬುಧವಾರ ಬೆಳಿಗ್ಗೆ ವಿಮಾನ. ಮಂಗಳವಾರವೊಂದೇ ಬಿಡುವು. ಸೋಮವಾರ ರಾತ್ರಿ ಒಂದು ಹಾಳೆಯಲ್ಲಿ ನೋಡಲೇಬೇಕಾದ ಸ್ಥಳಗಳ ಪಟ್ಟಿ ಮಾಡಿದೆ. ಒಟ್ಟು ಒಂಬತ್ತು. ಪ್ರತಿಯೊಂದರ ಎದುರು ಗಂಟೆ, ನಿಮಿಷ. ಕ್ಯಾಮೆರಾಕ್ಕೆ ಮೂವತ್ತಾರು ಚಿತ್ರಗಳ ಎರಡು ಫಿಲ್ಮ್ ಸುರುಳಿಗಳನ್ನು ಕೊಂಡೆ. ಆ ಪಟ್ಟಿಯಲ್ಲಿ ಮಧ್ಯಾಹ್ನ ಒಂದು ಗಂಟೆಯ ಎದುರಿಗೆ ಒಂದೇ ಒಂದು ಪದ ಇತ್ತು: ಅಜ್ಜಿ.

ಮೂರನೆಯ ಮಹಡಿಯ ಅಜ್ಜಿ

ರೋಮಿನಲ್ಲಿ ಓದುವ ವಿದ್ಯಾರ್ಥಿ ಗುರುಗಳು ಭಾನುವಾರಗಳಂದು ಸುತ್ತಮುತ್ತಲಿನ ಧರ್ಮಕೇಂದ್ರಗಳಲ್ಲಿ ನೆರವಾಗುವುದು ವಾಡಿಕೆ. ನಾನು ಹೋಗುತ್ತಿದ್ದುದು ನಗರದ ದಕ್ಷಿಣಕ್ಕಿರುವ ಗಾರ್ಬಟೆಲ್ಲ ಎಂಬ ಬಡಾವಣೆಗೆ. 1920ರಲ್ಲಿ ಕಟ್ಟಲು ಆರಂಭಿಸಿದ ಕೂಲಿಕಾರರ ಬಡಾವಣೆ ಅದು. ಮನೆಗಳ ನಡುವೆ ಅಂಗಳಗಳು, ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗಗಳು, ಹಗ್ಗದ ಕೆಳಗೆ ಹರಟುವ ಹೆಂಗಸರು. ನಮ್ಮೂರ ವಠಾರಗಳನ್ನು ನೆನಪಿಗೆ ತರುವಂಥ ಸ್ಥಳ. ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರಿಗೆ ಪರಮಪ್ರಸಾದ ಒಯ್ಯುವ ಕೆಲಸ ನನ್ನದಾಗಿತ್ತು. ಆ ಪಟ್ಟಿಯ ಕೊನೆಯ ಮನೆ ಒಬ್ಬ ವಿಧವೆಯದು. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಮಂಡಿನೋವಿನಿಂದಾಗಿ ಅವರು ಮೆಟ್ಟಿಲಿಳಿದು ಎರಡು ವರ್ಷಗಳಾಗಿದ್ದವು. ಗಂಡ ಹತ್ತಿರದ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ ದೂರದ ಮಿಲಾನಿನಲ್ಲಿ. ಅಲ್ಲಿಯವರ ರೀತಿಯಂತೆ ನಾನು ಅವರನ್ನು 'ಸಿನ್ಯೋರಾ' ಎಂದು ಕರೆಯುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಅಜ್ಜಿಯೇ ಆಗಿದ್ದರು.

ಪರಮಪ್ರಸಾದ ಸ್ವೀಕರಿಸಿ ಪ್ರಾರ್ಥನೆ ಮುಗಿಸಿದ ಮೇಲೆ ಅವರು ಪ್ರತಿ ಸಲವೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮ ತಾಯಿ ಹೇಗಿದ್ದಾರೆ?" ಮಲೆನಾಡಿನ ಮೂಲೆಯಲ್ಲಿದ್ದ ನನ್ನ ಅಮ್ಮನ ಮಂಡಿನೋವು, ಅಮ್ಮ ಸಾಕಿದ ಹಸು, ಮಳೆಗಾಲದಲ್ಲಿ ಚರ್ಚಿಗೆ ನಡೆಯಬೇಕಾದ ದೂರ, ಎಲ್ಲವೂ ಅವರಿಗೆ ಗೊತ್ತಿತ್ತು. ನಾನು ಮನೆಗೆ ಬರೆಯುವ ಪತ್ರಗಳಲ್ಲಿ ಇದನ್ನು ತಿಳಿಸುತ್ತಿದ್ದೆ. ಅಮ್ಮನ ಉತ್ತರದಲ್ಲಿಯೂ "ಆ ಅಜ್ಜಿಗೆ ನನ್ನ ಪರವಾಗಿ ಹೇಳು, ಮಂಡಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಲಿ" ಎಂಬ ಸಾಲು ಇರುತ್ತಿತ್ತು. ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು ಹೀಗೆ ನನ್ನ ಮೂಲಕ ಪರಸ್ಪರ ಬಲ್ಲವರಾಗಿದ್ದರು.

ಅಜ್ಜಿ ಹುಟ್ಟಿ ಬೆಳೆದದ್ದು ಅದೇ ಬಡಾವಣೆಯಲ್ಲಿ. 1943ರ ಜುಲೈ 19ರಂದು ರೋಮಿನ ಸಾನ್ ಲೊರೆಂಜೊ ಬಡಾವಣೆಯ ಮೇಲೆ ಬಾಂಬುಗಳು ಬಿದ್ದಾಗ ಅವರು ಹುಡುಗಿ. ಅದೇ ಸೆಪ್ಟೆಂಬರಿನಿಂದ 1944ರ ಜೂನ್ 4ರವರೆಗೆ ನಗರ ಜರ್ಮನ್ ಸೈನ್ಯದ ವಶದಲ್ಲಿತ್ತು. ಆ ಒಂಬತ್ತು ತಿಂಗಳ ಹಸಿವನ್ನು, ರೊಟ್ಟಿಗಾಗಿ ನಿಂತ ಸಾಲುಗಳನ್ನು ಅವರು ಆಗಾಗ ಹೇಳಲು ತೊಡಗುತ್ತಿದ್ದರು. ನಾನು ಕೈಗಡಿಯಾರ ನೋಡುತ್ತಿದ್ದೆ. ಅವರು ಮಾತು ನಿಲ್ಲಿಸುತ್ತಿದ್ದರು. ರೋಮಿನ ಇತಿಹಾಸ ಆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ನನಗಾಗಿ ಕಾಯುತ್ತಿದ್ದಾಗ ನಾನು ಅದನ್ನು ಪುಸ್ತಕಗಳಲ್ಲಿ ಹುಡುಕಲು ಹೋಗುತ್ತಿದ್ದೆ.

ಜೂನ್ ತಿಂಗಳ ಮೊದಲ ಶುಕ್ರವಾರ ಅವರು ಹೇಳಿದರು: "ಮೂರು ವರ್ಷವೂ ನಿಂತ ಕಾಲಿನಲ್ಲೇ ಬಂದು ಹೋಗಿದ್ದೀರಿ. ಹೊರಡುವ ಮುಂಚೆ ಒಂದು ದಿನ ನನ್ನ ಮನೆಯಲ್ಲಿ ಊಟ ಮಾಡಬೇಕು." ನಾನು ಮಾತು ಕೊಟ್ಟೆ. ದಿನ, ಗಂಟೆ ಎರಡನ್ನೂ ನಾನೇ ಹೇಳಿದೆ.

ಕವಲುದಾರಿ

ಆ ಮಂಗಳವಾರ ಬೆಳಿಗ್ಗೆ ಏಳಕ್ಕೆ ಸಂತ ಪೇತ್ರರ ಮಹಾದೇವಾಲಯದಲ್ಲಿದ್ದೆ. 1506ರಲ್ಲಿ ಅಡಿಗಲ್ಲು ಬಿದ್ದು 1626ರಲ್ಲಿ ಪ್ರತಿಷ್ಠೆಯಾದ, ನೂರಿಪ್ಪತ್ತು ವರ್ಷಗಳ ಕೆಲಸ. ಬಲಗಡೆಯ ಮೊದಲ ಚಿಕ್ಕ ಪೂಜಾಲಯದಲ್ಲಿ ಮೈಕೆಲ್ಯಾಂಜಲೊ ಕೆತ್ತಿದ 'ಪಿಯೆತಾ', ಸತ್ತ ಮಗನನ್ನು ಮಡಿಲಲ್ಲಿ ಇರಿಸಿಕೊಂಡ ಮಾತೆ. 1972ರಲ್ಲಿ ಒಬ್ಬಾತ ಸುತ್ತಿಗೆಯಿಂದ ಹೊಡೆದು ಮಾತೆಯ ಮುಖವನ್ನೂ ಕೈಯನ್ನೂ ಘಾಸಿಗೊಳಿಸಿದ ಮೇಲೆ ಅದನ್ನು ಗಾಜಿನ ಹಿಂದೆ ಇಟ್ಟಿದ್ದಾರೆ. ನಾಲ್ಕು ಚಿತ್ರ ತೆಗೆದೆ. ಗಾಜಿನಲ್ಲಿ ನನ್ನ ಕ್ಯಾಮೆರಾದ ಬೆಳಕೇ ಪ್ರತಿಫಲಿಸಿತ್ತು ಎಂಬುದು ಫಿಲ್ಮ್ ತೊಳೆಸಿದ ಮೇಲೆ ತಿಳಿಯಿತು.

ಅಲ್ಲಿಂದ ಆಪ್ಪಿಯ ರಸ್ತೆಗೆ ಹೋಗಿ ಸಂತ ಕಲಿಸ್ತರ ಕ್ಯಾಟಕೋಂಬ್ ಎಂಬ ನೆಲದಡಿಯ ಸಮಾಧಿ ಸುರಂಗಗಳನ್ನು ಹೊಕ್ಕೆ. ಮೂರನೆಯ ಶತಮಾನದ ಹಲವು ಜಗದ್ಗುರುಗಳನ್ನು ಹೂತ ನೆಲ ಅದು. ಗೋಡೆಯುದ್ದಕ್ಕೂ ಒಂದರ ಮೇಲೊಂದು ಗೂಡುಗಳು. ಅನೇಕವು ಮಕ್ಕಳ ಅಳತೆಯವು. ಮಾರ್ಗದರ್ಶಕರು ತೋರಿಸಿದ್ದನ್ನು ನೋಡಿ ಬಿಸಿಲಿಗೆ ಬಂದಾಗ ಹನ್ನೊಂದೂ ಮುಕ್ಕಾಲು.

ಅಲ್ಲಿಯೇ ಹತ್ತಿರದಲ್ಲಿ 'ಸೆತ್ತೆ ಕ್ಯೆಸೆ', ಅಂದರೆ ಏಳು ಚರ್ಚುಗಳು ಎಂಬ ಹೆಸರಿನ ರಸ್ತೆ ಇದೆ. ಹದಿನಾರನೆಯ ಶತಮಾನದಲ್ಲಿ ಸಂತ ಫಿಲಿಪ್ ನೇರಿಯವರು ರೋಮಿನ ಸಾಮಾನ್ಯ ಜನರನ್ನು ಕರೆದುಕೊಂಡು ಏಳು ಪುರಾತನ ದೇವಾಲಯಗಳಿಗೆ ನಡೆದುಕೊಂಡು ಯಾತ್ರೆ ಮಾಡುತ್ತಿದ್ದರು. ಸುಮಾರು ಇಪ್ಪತ್ತು ಕಿಲೋಮೀಟರಿನ ನಡಿಗೆ. ದಾರಿಯಲ್ಲಿ ಹಾಡು, ನಡುವೆ ಒಂದು ತೋಟದಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಊಟ. ಆ ಯಾತ್ರೆಯ ನೆನಪನ್ನು ಹೊತ್ತ ಈ ರಸ್ತೆ ನೇರವಾಗಿ ಗಾರ್ಬಟೆಲ್ಲದ ಮೂಲಕ ಹಾಯುತ್ತದೆ. ನಡೆದರೆ ಅರ್ಧ ಗಂಟೆಯಲ್ಲಿ ಅಜ್ಜಿಯ ಮನೆ.

ನಾನು ಆ ಕವಲಿನಲ್ಲಿ ನಿಂತು ಲೆಕ್ಕ ಹಾಕಿದೆ. ಇಟಲಿಯವರ ಊಟ ಮೂರು ಗಂಟೆಗೆ ಮೊದಲು ಮುಗಿಯದು. ಹೋದರೆ ಕೊಲೊಸಿಯಮ್ ಕೈತಪ್ಪುತ್ತದೆ. ತೀತಸನ ಕಮಾನೂ ತಪ್ಪುತ್ತದೆ. ಮತ್ತೆ ಈ ಊರಿಗೆ ಬರುವುದು ಯಾವ ಕಾಲಕ್ಕೋ! ಸಾರ್ವಜನಿಕ ದೂರವಾಣಿಯೊಂದಕ್ಕೆ ಕಾರ್ಡು ತುರುಕಿ ಅಜ್ಜಿಗೆ ಕರೆ ಮಾಡಿದೆ. "ಕೆಲಸ ಹೆಚ್ಚಾಗಿದೆ, ಸಂಜೆ ಬರುತ್ತೇನೆ" ಎಂದೆ. ಕೆಲಸ ಎಂಬ ಪದವನ್ನೇ ಬಳಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಚಿಂತೆಯಿಲ್ಲ, ಸಾರು ಸಂಜೆಯವರೆಗೂ ಕೆಡುವುದಿಲ್ಲ" ಎಂದರು.

ಬಸ್ಸು ಹತ್ತಿದೆ.

ಎರಡು ಚಿತ್ರಗಳು

ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೊಲೊಸಿಯಮ್ ನೋಡಿದೆ. ವೆಸ್ಪಾಸಿಯನ್ ಚಕ್ರವರ್ತಿ ಆರಂಭಿಸಿ ಆತನ ಮಗ ತೀತಸನು ಕ್ರಿ.ಶ. 80ರಲ್ಲಿ ಉದ್ಘಾಟಿಸಿದ ಮಹಾಕಟ್ಟಡ. ಪಕ್ಕದ ಏರಿನಲ್ಲಿ ತೀತಸನ ಕಮಾನು. ಕ್ರಿ.ಶ. 70ರಲ್ಲಿ ಜೆರುಸಲೇಮನ್ನು ನೆಲಸಮ ಮಾಡಿದ ರೋಮನ್ ಸೈನಿಕರು ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೋಗುವ ದೃಶ್ಯ ಅದರ ಒಳಗೋಡೆಯಲ್ಲಿ ಇಂದಿಗೂ ಸ್ಪಷ್ಟವಾಗಿದೆ. ಅದನ್ನೂ ಚಿತ್ರ ತೆಗೆದೆ. ಆ ಶಿಲ್ಪ ನನಗೇ ಏನೋ ಹೇಳುತ್ತಿದೆಯೆಂದು ಅಂದು ಹೊಳೆಯಲಿಲ್ಲ.

ಪಾಂಥಿಯನ್ನಿನ ಗುಮ್ಮಟದ ಕೆಳಗೆ ನಿಂತೆ. ಎರಡನೆಯ ಶತಮಾನದಲ್ಲಿ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ್ದು, 609ರಿಂದ ದೇವಾಲಯ. ನೆಲದಿಂದ ಗುಮ್ಮಟದ ತುದಿಗೆ ಎಷ್ಟು ಎತ್ತರವೋ ಅದರ ಅಡ್ಡಳತೆಯೂ ಅಷ್ಟೇ, ಸುಮಾರು 43 ಮೀಟರ್. ನಡುವೆ ಆಕಾಶಕ್ಕೆ ತೆರೆದ ಒಂದು ಕಂಡಿ; ಅದರಿಂದ ಇಳಿದ ಬೆಳಕಿನ ತುಂಡು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತದೆ. ಅದು ಸರಿಯುವುದನ್ನು ಕಾಣಲು ಸ್ವಲ್ಪ ಹೊತ್ತು ಕೂರಬೇಕು. ನನ್ನ ಪಟ್ಟಿಯಲ್ಲಿ ಅದಕ್ಕೆ ಇಪ್ಪತ್ತು ನಿಮಿಷವಿತ್ತು.

ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಫ್ರೆಂಚರ ಸಂತ ಲೂಯಿಸರ ದೇವಾಲಯ. ಎಡಗಡೆಯ ಕೊನೆಯ ಪೂಜಾಲಯದಲ್ಲಿ ಕಾರವಾಜ್ಜೊ ಎಂಬ ಚಿತ್ರಕಾರ 1600ರ ಹೊತ್ತಿಗೆ ಬರೆದು ಮುಗಿಸಿದ 'ಸಂತ ಮತ್ತಾಯರ ಕರೆ' ಇದೆ. ಒಳಗೆ ಕತ್ತಲು. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತುತ್ತಿತ್ತು; ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಆರುತ್ತಿತ್ತು. ಆಗಿನ್ನೂ ಇಟಲಿಯಲ್ಲಿ ಲೀರಾ ನಾಣ್ಯಗಳ ಕಾಲ. ಯೂರೊ ಕೈಗೆ ಬಂದದ್ದು 2002ರಲ್ಲಿ. ಐನೂರು ಲೀರಾದ ನಾಣ್ಯ ಹಾಕಿದೆ. ಸುಂಕದ ಕಟ್ಟೆಯಲ್ಲಿ ಐವರು ಮೇಜಿನ ಸುತ್ತ ಕುಳಿತಿದ್ದಾರೆ. ಬಲಗಡೆಯಿಂದ ಯೇಸುಸ್ವಾಮಿ ಕೈ ಚಾಚಿದ್ದಾರೆ. ಗಡ್ಡದವನೊಬ್ಬ "ನನ್ನನ್ನೇ?" ಎಂಬಂತೆ ಬೆರಳು ತೋರಿಸುತ್ತಿದ್ದಾನೆ. ಮೇಜಿನ ಎಡತುದಿಯಲ್ಲಿರುವ ಇಬ್ಬರು ಮಾತ್ರ, ಒಬ್ಬ ಯುವಕ ಮತ್ತು ಕನ್ನಡಕ ಹಿಡಿದ ಒಬ್ಬ ಮುದುಕ, ತಲೆಯನ್ನೇ ಎತ್ತಿಲ್ಲ. ನಾಣ್ಯಗಳ ಮೇಲೆ ಅವರ ಕಣ್ಣು. ಪ್ರಭು ಕೋಣೆಯೊಳಗೆ ಬಂದದ್ದೇ ಅವರಿಗೆ ತಿಳಿದಿಲ್ಲ. ದೀಪ ಆರಿತು. ಕರೆಗೆ ಓಗೊಟ್ಟು ಗುರುವಾದವನು ನಾನು ಎಂದು ಆ ಕತ್ತಲಲ್ಲಿ ನನಗೆ ಹೆಮ್ಮೆಯೆನಿಸಿತು. ಇಂದು ಅದನ್ನು ನೆನೆದಾಗ ನಾಚಿಕೆಯಾಗುತ್ತದೆ. ಆ ದಿನ ನಾನು ಕುಳಿತಿದ್ದುದು ಮೇಜಿನ ಎಡತುದಿಯಲ್ಲಿ. ನಾನು ಎಣಿಸುತ್ತಿದ್ದುದು ನಾಣ್ಯಗಳ ಬದಲು ಸ್ಥಳಗಳನ್ನು.

ಅದೇ ನೆರೆಯಲ್ಲಿ ಸಂತ ಅಗುಸ್ತೀನರ ದೇವಾಲಯ. ಅಲ್ಲಿಯೂ ಕಾರವಾಜ್ಜೊನ ಒಂದು ಚಿತ್ರ: ಬಾಗಿಲಿನಲ್ಲಿ ಮಗುವನ್ನೆತ್ತಿ ನಿಂತ ಮಾತೆ ಮರಿಯಮ್ಮನವರು, ಎದುರು ಮೊಣಕಾಲೂರಿದ ಇಬ್ಬರು ಬಡ ಯಾತ್ರಿಕರು, ಒಬ್ಬ ಗಂಡಸು, ಒಬ್ಬಳು ಮುದುಕಿ. ಗಂಡಸಿನ ಕೊಳೆಯಾದ ಅಂಗಾಲುಗಳು ನೋಡುವವರ ಮುಖದ ಮುಂದೆಯೇ ಇವೆ. ಅವರು ಬಂದದ್ದು ಊರು ನೋಡಲಿಕ್ಕಲ್ಲ. ಬಹುದೂರ ನಡೆದು ಒಂದೇ ಬಾಗಿಲಿಗೆ ಬಂದಿದ್ದಾರೆ. ನನ್ನ ಅಂಗಾಲುಗಳೂ ಅಂದು ಬೊಬ್ಬೆಯೆದ್ದಿದ್ದವು. ಆದರೆ ನಾನು ಯಾವ ಬಾಗಿಲಿಗೂ ಹೋಗಿರಲಿಲ್ಲ.

ಆ ದೇವಾಲಯದಲ್ಲಿಯೇ ಅಗುಸ್ತೀನರ ತಾಯಿ ಸಂತ ಮೋನಿಕಾರ ಸಮಾಧಿಯಿದೆ. ಕ್ರಿ.ಶ. 387ರಲ್ಲಿ ತಾಯಿ ಮಗ ಇಬ್ಬರೂ ಆಫ್ರಿಕಾದ ತಮ್ಮ ಊರಿಗೆ ಮರಳಲು ರೋಮಿನ ಬಂದರಾದ ಓಸ್ತಿಯಾದಲ್ಲಿ ಹಡಗಿಗೆ ಕಾಯುತ್ತಿದ್ದರು. ಅವರದೂ ಹೊರಡುವ ಮುನ್ನಿನ ದಿನಗಳೇ. ಅಗುಸ್ತೀನರು ಹೇಳುವಂತೆ ಅವರಿಬ್ಬರು ಮನೆಯ ತೋಟ ಕಾಣುವ ಕಿಟಕಿಗೆ ಒರಗಿ ನಿಂತು ನಿತ್ಯಜೀವದ ಕುರಿತು ಮಾತಾಡುತ್ತ ಮೈಮರೆತರು. ಐದಾರು ದಿನಗಳಲ್ಲಿ ತಾಯಿಗೆ ಜ್ವರ. ಒಂಬತ್ತನೆಯ ದಿನ ಮರಣ. ಆಕೆಗೆ ಐವತ್ತಾರು, ಮಗನಿಗೆ ಮೂವತ್ಮೂರು. ನನ್ನನ್ನು ಎಲ್ಲಿಯಾದರೂ ಹೂಳಿ, ದೇವರ ಬಲಿಪೀಠದ ಬಳಿ ಮಾತ್ರ ನೆನೆಯಿರಿ ಎಂಬುದೊಂದೇ ಆಕೆಯ ಕೋರಿಕೆಯಾಗಿತ್ತು. ಆ ಕಿಟಕಿಯ ಬಳಿ ಕಳೆದ ಹೊತ್ತಿನಲ್ಲಿ ಅಗುಸ್ತೀನರು ಓಸ್ತಿಯಾದ ಎಷ್ಟು ಕಟ್ಟಡಗಳನ್ನು ನೋಡಬಹುದಾಗಿತ್ತು! ನೋಡಿದ್ದರೆ ಅವನ್ನು ಯಾರು ನೆನೆಯುತ್ತಿದ್ದರು?

ಇವೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆದು ಮುಂದೆ ಹೋದೆ. 1762ರಲ್ಲಿ ಪೂರ್ಣಗೊಂಡ ತ್ರೆವಿ ಕಾರಂಜಿಯ ಬಳಿ ಜನಸಾಗರ. ಕಾರಂಜಿಗೆ ಬೆನ್ನುಹಾಕಿ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತಾರೆಂಬ ನಂಬಿಕೆಯಿದೆ. ನಗುತ್ತಾ ನಾನೂ ಎಸೆದೆ. ಸಾಮಾನು ಕಟ್ಟುವುದು ಬಾಕಿಯಿತ್ತು. ರಾತ್ರಿ ಒಂಬತ್ತಕ್ಕೆ ಮತ್ತೆ ದೂರವಾಣಿ. "ಕ್ಷಮಿಸಿ, ಬರಲಾಗಲಿಲ್ಲ." ಅಜ್ಜಿಯ ಉತ್ತರ ಇಂದಿಗೂ ಕಿವಿಯಲ್ಲಿದೆ: "ಇರಲಿ, ಇರಲಿ. ನಮ್ಮ ರೋಮ್ ಚೆನ್ನಾಗಿದೆ, ಅಲ್ಲವೇ? ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ."

ಪೊಟ್ಟಣ

ಊರಿಗೆ ಬಂದೆ. ಹೊಸ ಜವಾಬ್ದಾರಿ, ಗುರುಮಠದಲ್ಲಿ ಪಾಠ. ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. ಆಗಮನ ಕಾಲದಲ್ಲಿ ಗಾರ್ಬಟೆಲ್ಲದ ಧರ್ಮಕೇಂದ್ರದ ಗುರುಗಳಿಂದ ಒಂದು ಪೊಟ್ಟಣ ಬಂದಿತು. ಅಜ್ಜಿ ಅಕ್ಟೋಬರಿನಲ್ಲಿ ತೀರಿಕೊಂಡಿದ್ದರು. ಅವರ ಮೇಜಿನ ಮೇಲೆ ನನ್ನ ಹೆಸರು ಬರೆದ ಈ ಪೊಟ್ಟಣ ಇತ್ತೆಂದೂ, ಜೂನಿನಲ್ಲಿ ನಾನು ಊಟಕ್ಕೆ ಬರುವ ದಿನ ಕೊಡಲೆಂದು ಸಿದ್ಧಮಾಡಿದ್ದೆಂದು ನೆರೆಮನೆಯವರು ತಿಳಿಸಿದರೆಂದೂ ಗುರುಗಳು ಬರೆದಿದ್ದರು. ಒಳಗೆ ಬಿಳಿಯ ಕಸೂತಿಯ ಒಂದು ತಲೆವಸ್ತ್ರ. ಅಮ್ಮನಿಗೆ, ಪೂಜೆಗೆ ಹೋಗುವಾಗ ಹೊದೆಯಲು.

ಅಮ್ಮ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ, "ಅವರು ನೋಡಲು ಹೇಗಿದ್ದರು? ಒಂದು ಫೋಟೊ ತೋರಿಸು" ಎಂದರು. ನಾನು ಆ ಕೊನೆಯ ದಿನದ ಎಪ್ಪತ್ತೆರಡು ಚಿತ್ರಗಳನ್ನು ಹರಡಿದೆ. ಕಂಬಗಳು, ಕಮಾನುಗಳು, ಗುಮ್ಮಟಗಳು, ಕಾರಂಜಿ. ಅಜ್ಜಿಯ ಚಿತ್ರ ಒಂದೂ ಇರಲಿಲ್ಲ. ಅವರ ಕಣ್ಣಿನ ಬಣ್ಣ ಯಾವುದೆಂದು ಅಮ್ಮ ಕೇಳಿದರೆ ಅದನ್ನೂ ಹೇಳಲಾರದವನಾಗಿದ್ದೆ. ಮೂರು ವರ್ಷ ತಿಂಗಳಿಗೊಮ್ಮೆ ಅವರ ಮುಂದೆ ನಿಂತು ಕ್ರಿಸ್ತರ ಶರೀರವನ್ನು ಅವರ ನಾಲಿಗೆಯ ಮೇಲಿಟ್ಟವನು ನಾನು.

ನೋಡುವುದು ತಪ್ಪೇ?

ಈ ಘಟನೆಯನ್ನು ನಾನು ಬಹುಕಾಲ ವಿಚಾರಮಾಡಿದ್ದೇನೆ. ಪ್ರೇಕ್ಷಣೀಯ ಸ್ಥಳಗಳನ್ನು ನೋಡುವುದು ತಪ್ಪೇ? ಖಂಡಿತ ಅಲ್ಲ. ಸೌಂದರ್ಯ ದೇವರ ವರ. ಮತ್ತಾಯರ ಆ ಚಿತ್ರವನ್ನು ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಪ್ರಬೋಧನೆಗಳಲ್ಲಿ ನೆನೆದಿದ್ದೇನೆ. ಅದರಿಂದ ನನಗೂ ಕೇಳಿದವರಿಗೂ ಒಳಿತಾಗಿದೆ. ಹಾಗಾದರೆ ತಪ್ಪು ಎಲ್ಲಿತ್ತು?

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ತಿಳಿಯುವ ಹಂಬಲವನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು, ಹದವರಿತ ಜಿಜ್ಞಾಸೆ, ಅದು ಸದ್ಗುಣ. ಇನ್ನೊಂದು, ಹದ ತಪ್ಪಿದ ಕುತೂಹಲ, ಅದು ದೋಷ. ಹದ ತಪ್ಪುವ ಬಗೆಗಳನ್ನು ಹೇಳುವಾಗ ಅವರು ಕೊಡುವ ಒಂದು ನಿದರ್ಶನ ಇದು: ಮಾಡಲೇಬೇಕಾದ ಕರ್ತವ್ಯದಿಂದ ಕಡಿಮೆ ಪ್ರಯೋಜನದ ಅರಿವು ನಮ್ಮನ್ನು ಬೇರೆಡೆಗೆ ಎಳೆದರೆ ಆ ಅರಿವಿನ ಆಸೆ ದೋಷವಾಗುತ್ತದೆ. ಅರಿಯುವ ವಸ್ತು ಒಳ್ಳೆಯದೇ ಆಗಿರಬಹುದು. ಅದಕ್ಕಾಗಿ ಯಾವುದನ್ನು ಬಿಟ್ಟುಬಂದೆವು ಎಂಬುದೇ ಪ್ರಶ್ನೆ. ನನ್ನ ಪ್ರಬಂಧದಲ್ಲಿ ಈ ಭಾಗಕ್ಕೆ ಎರಡು ಪುಟಗಳ ವಿವರಣೆಯಿತ್ತು. ವಾಗ್ದಾನದ ಬದ್ಧತೆಯ ಬಗ್ಗೆ ಒಂದು ಇಡೀ ಅಧ್ಯಾಯವೇ ಇತ್ತು. ಆ ಅಧ್ಯಾಯಕ್ಕೆ ಒಳ್ಳೆಯ ಅಂಕಗಳೂ ಬಂದಿದ್ದವು.

ಆದರೆ ಪುಸ್ತಕಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ತೆರೆಸಿದ್ದು ಸಂತ ಮಾರ್ಕರ ಶುಭಸಂದೇಶ. ಹನ್ನೆರಡನೆಯ ಅಧ್ಯಾಯದ ಕೊನೆ ಮತ್ತು ಹದಿಮೂರನೆಯ ಅಧ್ಯಾಯದ ಆರಂಭವನ್ನು ಒಟ್ಟಿಗೆ ಓದಿ ನೋಡಿ. ಪ್ರಭು ಯೇಸು ಮತ್ತು ಶಿಷ್ಯರು ಗಲಿಲೇಯದ ಹಳ್ಳಿಗರು. ಅವರು ಬಂದಿರುವುದು ಜೆರುಸಲೇಮ್ ಎಂಬ ಮಹಾನಗರಕ್ಕೆ. ಪ್ರಭುವಿಗೆ ಅವು ಭೂಮಿಯ ಮೇಲಿನ ಕೊನೆಯ ದಿನಗಳು. ಅವರು ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದಾರೆ. ಒಬ್ಬ ಬಡ ವಿಧವೆ ಎರಡು ಚಿಕ್ಕ ಕಾಸುಗಳನ್ನು ಹಾಕುವುದನ್ನು ಕಾಣುತ್ತಾರೆ. ಶಿಷ್ಯರನ್ನು ಕರೆದು ಆಕೆಯನ್ನು ತೋರಿಸುತ್ತಾರೆ. ಅಲ್ಲಿಂದ ಹೊರಬರುತ್ತಿರುವಾಗಲೇ ಶಿಷ್ಯನೊಬ್ಬ ಆ ಕಟ್ಟಡದ ಭಾರಿ ಕಲ್ಲುಗಳತ್ತ ಗುರುವಿನ ಗಮನ ಸೆಳೆಯುತ್ತಾನೆ. ಒಂದೇ ಸ್ಥಳ, ಒಂದೇ ದಿನ. ಗುರು ವಿಧವೆಯನ್ನು ತೋರಿಸಿದರು. ಶಿಷ್ಯ ಕಲ್ಲುಗಳನ್ನು ತೋರಿಸಿದ. ಈ ಕಲ್ಲುಗಳಲ್ಲಿ ಒಂದರ ಮೇಲೊಂದು ಉಳಿಯದು ಎಂದರು ಪ್ರಭು. ನಲವತ್ತು ವರ್ಷಗಳೊಳಗೆ ಅದು ನಿಜವಾಯಿತು. ಆ ದೇವಾಲಯದ ಕೊಳ್ಳೆಯನ್ನು ಹೊತ್ತೊಯ್ಯುವ ಮೆರವಣಿಗೆಯನ್ನೇ ನಾನು ತೀತಸನ ಕಮಾನಿನಲ್ಲಿ ನೋಡಿ ಚಿತ್ರ ತೆಗೆದಿದ್ದೆ, ವಿಧವೆಯೊಬ್ಬರು ಸಾರು ಕಾಯಿಸಿಟ್ಟು ಬಾಗಿಲತ್ತ ನೋಡುತ್ತಿದ್ದ ಅದೇ ಹೊತ್ತಿನಲ್ಲಿ.

ಕ್ಷಮಿಸುವವರಿಗೆ ಕೊಟ್ಟ ಮಾತು

ಇನ್ನೂ ಕಹಿಯಾದ ಸತ್ಯವೊಂದನ್ನು ಹೇಳಬೇಕಾಗಿದೆ. ಆ ದಿನ ಮಧ್ಯಾಹ್ನ ಒಂದು ಗಂಟೆಗೆ ನನ್ನನ್ನು ಊಟಕ್ಕೆ ಕರೆದಿದ್ದವರು ಒಬ್ಬ ಮೇತ್ರಾಣಿಗಳೋ ಪ್ರಾಧ್ಯಾಪಕರೋ ಆಗಿದ್ದರೆ ನಾನು ಹೋಗದೆ ಇರುತ್ತಿದ್ದೆನೇ? ಹದಿನೈದು ನಿಮಿಷ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಕೊಲೊಸಿಯಮ್ಮಿನ ನೆನಪೇ ಬರುತ್ತಿರಲಿಲ್ಲ. ಅಜ್ಜಿಗೆ ಕೊಟ್ಟ ಮಾತನ್ನು ಮುರಿಯಲು ನನಗೆ ಧೈರ್ಯ ಬಂದದ್ದು ಅವರು ಕೋಪಿಸಿಕೊಳ್ಳುವುದಿಲ್ಲ ಎಂಬ ಭರವಸೆಯಿಂದ. ಅವರ ಪ್ರೀತಿಯೇ ನನಗೆ ರಜೆಯ ಚೀಟಿಯಾಯಿತು. ನಮ್ಮಲ್ಲಿ ಬಹುಮಂದಿ ಹೀಗೆಯೇ ಬದುಕುತ್ತೇವೆ: ಅಂಜಬೇಕಾದವರಿಗೆ ಕೊಟ್ಟ ಮಾತು ಉಳಿಯುತ್ತದೆ, ಪ್ರೀತಿಸುವವರಿಗೆ ಕೊಟ್ಟ ಮಾತು ಮುರಿಯುತ್ತದೆ. ಕ್ಷಮಿಸುವ ಗುಣವುಳ್ಳವರೇ ನಮ್ಮಿಂದ ಹೆಚ್ಚು ವಂಚಿತರಾಗುತ್ತಾರೆ. ಹೆಂಡತಿ, ವಯಸ್ಸಾದ ತಂದೆತಾಯಿ, ಊರಲ್ಲಿ ಉಳಿದ ಅಕ್ಕ, ಬಡ ಗೆಳೆಯ: ಇವರಿಗೆ "ಬರುತ್ತೇನೆ" ಎಂದದ್ದನ್ನು ಎಷ್ಟು ಸಲ "ಇನ್ನೊಮ್ಮೆ ನೋಡೋಣ" ಎಂದು ಬದಲಿಸಿದ್ದೇವೆ!

2016ರ ಕರುಣೆಯ ಜುಬಿಲಿಯ ವರ್ಷದಲ್ಲಿ ಯಾತ್ರಿಕರ ಗುಂಪಿನೊಡನೆ ಮತ್ತೆ ರೋಮಿಗೆ ಹೋಗುವ ಅವಕಾಶ ಬಂದಿತು. ಕೊಲೊಸಿಯಮ್ ಇದ್ದಲ್ಲಿಯೇ ಇತ್ತು. ಕಮಾನು, ಗುಮ್ಮಟ, ಕಾರಂಜಿ, ಎಲ್ಲವೂ ಹದಿನೈದು ವರ್ಷ ನನಗಾಗಿ ಕಾದಿದ್ದವು. ಕಲ್ಲುಗಳಿಗೆ ಕಾಯುವುದು ಕಷ್ಟವಲ್ಲ. ಬಿಡುವಿನ ಒಂದು ಮಧ್ಯಾಹ್ನ ಗಾರ್ಬಟೆಲ್ಲಕ್ಕೆ ಹೋದೆ. ಅಂಗಳದಲ್ಲಿ ಬಟ್ಟೆಗಳು ಒಣಗುತ್ತಿದ್ದವು. ಕರೆಗಂಟೆಯ ಪಕ್ಕದಲ್ಲಿ ಬೇರೆ ಯಾರದೋ ಹೆಸರಿತ್ತು. ಗಂಟೆ ಒತ್ತದೆ ಸ್ವಲ್ಪ ಹೊತ್ತು ಅಲ್ಲಿ ನಿಂತು ಮರಳಿದೆ.

ಸಂತ ಮೋನಿಕಾರ ಕೋರಿಕೆಯಂತೆ ನಾನು ಪ್ರತಿದಿನದ ಬಲಿಪೂಜೆಯಲ್ಲಿ, ಮೃತರನ್ನು ಸ್ಮರಿಸುವಾಗ, ಆ ಅಜ್ಜಿಯನ್ನು ನೆನೆಯುತ್ತೇನೆ. ಇದರಿಂದ ಮುರಿದ ಮಾತು ಸರಿಹೋಯಿತೆಂದು ನಾನು ತಿಳಿದಿಲ್ಲ. ಊಟಕ್ಕೆ ಕರೆದವರಿಗೆ ಬೇಕಾದದ್ದು ಊಟಕ್ಕೆ ಬರುವವನೇ ಹೊರತು ಆಮೇಲಿನ ಪ್ರಾರ್ಥನೆಯಲ್ಲ. ಆದರೂ ಕ್ಷಮೆಯ ಮೇಲೆ ನಂಬಿಕೆಯಿಟ್ಟವರು ನಾವು. ಅವರು ಅಂದೇ "ಇರಲಿ, ಇರಲಿ" ಎಂದಿದ್ದಾರೆ. ಅದನ್ನು ಸಲಿಗೆಯೆಂದು ತಿಳಿಯದೆ ವರವೆಂದು ಪಡೆಯಲು ಕಲಿಯುತ್ತಿದ್ದೇನೆ. ಆ ಬಿಳಿಯ ತಲೆವಸ್ತ್ರವನ್ನು ಅಮ್ಮ ಕೊನೆಯವರೆಗೂ ಪೂಜೆಗೆ ಹೊದೆದುಕೊಂಡು ಹೋಗುತ್ತಿದ್ದರು. ಅವರು ತೀರಿಕೊಂಡಾಗ ಅದನ್ನು ಅವರೊಡನೆಯೇ ಕಳುಹಿಸಿದೆವು.

ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಿಂದ ಮಕ್ಕಳು ಓದಿಗಾಗಿ, ಕೆಲಸಕ್ಕಾಗಿ ದೂರದೇಶಗಳಿಗೆ ಹೋಗುತ್ತಿದ್ದಾರೆ. ಹೊರಡುವ ಹಿಂದಿನ ದಿನ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತು. ಪೆಟ್ಟಿಗೆಯ ತೂಕ, ಅಂಗಡಿಯ ಓಡಾಟ, ಗೆಳೆಯರ ಭೇಟಿ. ಒಳಗಿನ ಕೋಣೆಯಲ್ಲಿ ಅಜ್ಜಿಯೋ ತಾತನೋ ಕುಳಿತಿರುತ್ತಾರೆ. ಅವರು ಏನನ್ನೂ ಕೇಳುವುದಿಲ್ಲ. ಅಲ್ಲಿಂದ ರಜೆಗೆ ಮರಳಿದಾಗಲೂ ಅದೇ ಗಡಿಬಿಡಿ. ಕೈಯಲ್ಲಿರುವ ಮೊಬೈಲಿನಲ್ಲಿ ಎಪ್ಪತ್ತೆರಡರ ಬದಲು ಏಳು ಸಾವಿರ ಚಿತ್ರಗಳಿರಬಹುದು. ಅವುಗಳಲ್ಲಿ ಒಳಕೋಣೆಯ ಆ ಮುಖ ಎಷ್ಟಿವೆ?

ತಂದೆತಾಯಿಗಳೇ, ಮಕ್ಕಳಿಗೆ ಪ್ರವಾಸ ಹೋಗಬೇಡಿರೆಂದು ಹೇಳಬೇಡಿ. ಲೋಕವನ್ನು ಕಣ್ತುಂಬ ನೋಡಲಿ. ಆದರೆ ಹೋದ ಊರಿನಲ್ಲಿ ತಮಗೆ ಅಡುಗೆ ಮಾಡಿ ಬಡಿಸಿದವರನ್ನು, ಬಾಗಿಲು ತೆರೆದವರನ್ನು, "ನಿಮ್ಮ ತಾಯಿ ಹೇಗಿದ್ದಾರೆ" ಎಂದು ಕೇಳಿದವರನ್ನು ಕಂಡು ಬರಲು ಕಲಿಸಿ. ಪಟ್ಟಿ ಮಾಡುವುದಾದರೆ ಮನುಷ್ಯರ ಹೆಸರುಗಳನ್ನು ಮೇಲೆ ಬರೆಯಲಿ, ಉಳಿದ ಹೊತ್ತಿನಲ್ಲಿ ಕಲ್ಲುಗಳನ್ನು ನೋಡಲಿ.

ಈ ಪುಟವನ್ನು ಮಡಚುವ ಮುನ್ನ ಒಂದು ಕ್ಷಣ ಯೋಚಿಸಿ. "ಒಂದು ದಿನ ಬರುತ್ತೇನೆ" ಎಂದು ನೀವು ಯಾರಿಗೆ ಹೇಳಿದ್ದೀರಿ? ಅವರು ಇನ್ನೂ ಇದ್ದಾರೆಯೇ? ಇದ್ದರೆ ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಮನೆಗೆ ಹೋಗಿ. ಕೊಟ್ಟದ್ದನ್ನು ಊಟಮಾಡಿ. ಅವರ ಮಾತು ಮುಗಿಯುವವರೆಗೆ ಕುಳಿತಿರಿ. ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ವಿಧವೆಯನ್ನು ಕಂಡ ಪ್ರಭು ನಮ್ಮೆಲ್ಲರಿಗೂ ಅಂಥ ಕಣ್ಣುಗಳನ್ನು ದಯಪಾಲಿಸಲಿ.